ಅಕ್ಕನ ಫೋನಿನಲ್ಲಿ ಮಾತು ನಿಂತಾಗ

“ಅದು ಮಾತಾಡವಲ್ದು ನೋಡ,” ಎಂದಳು ಅಕ್ಕ.

ಊಟದ ಬಿಡುವಿನ ಹೊತ್ತು. ಬೆಳಗಾವಿಯ ಉದ್ಯಮಬಾಗದ ಎಂಜಿನಿಯರಿಂಗ್ ಕಾರ್ಖಾನೆಯೊಂದರ ಆಫೀಸಿನಲ್ಲಿ ನನ್ನ ಕೆಲಸ. ಹೊರಗಿನ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯುವುದು, ಮಾಲು ಯಾವಾಗ ಹೊರಡುತ್ತದೆ ಎಂದು ತಿಳಿಸುವುದು. ಆಗಷ್ಟೇ ಡಬ್ಬಿ ಬಿಚ್ಚಿ ರೊಟ್ಟಿ ಮುರಿದಿದ್ದೆ. ಖಾನಾಪುರದಿಂದ ಅಕ್ಕ ಇಂಥ ಹೊತ್ತಿನಲ್ಲಿ ಫೋನು ಮಾಡುವವಳಲ್ಲ. ಯಾರ ವಿಷಯ ಹೇಳುತ್ತಿದ್ದಾಳೆಂದು ಮೊದಲು ತಿಳಿಯಲೇ ಇಲ್ಲ.

“ಯಾರು ಮಾತಾಡವಲ್ರು? ಮಾಮಾ ಜೋಡಿ ಜಗಳ ಆತೇನು?”

“ಏ, ಅವರಲ್ಲ. ನೀ ಹಾಕಿ ಕೊಟ್ಟೀಯಲ್ಲ, ಆ ಎಐ. ನಿನ್ನಿ ಸಂಜಿಂದ ಕೇಳಾಕತ್ತೀನಿ. ಸುಮ್ನ ಗರಗರ ತಿರಗತೈತಿ. ಆಮ್ಯಾಲ ಇಂಗ್ಲಿಷಿನ್ಯಾಗ ಏನೋ ಬರತೈತಿ, ಹೋಗತೈತಿ.”

ನನಗೆ ನಗು ಬಂತು. ಆ ಚಾಟ್‌ಬಾಟನ್ನು ಅವಳ ಫೋನಿಗೆ ಹಾಕಿಕೊಟ್ಟವಳು ನಾನೇ. ಅಕ್ಕ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಹೊಸ ಹೊಸ ಕುತ್ತಿಗೆಯ ಮಾದರಿ ಕೇಳುವ ಗಿರಾಕಿಗಳಿಂದ ಬೇಸತ್ತು ಒಮ್ಮೆ ನನ್ನಲ್ಲಿ ಗೊಣಗಿದ್ದಳು. ಆಫೀಸಿನಲ್ಲಿ ನಾನು ಮೇಲ್ ತಿದ್ದಿಸಿಕೊಳ್ಳುವ ಎಐಯನ್ನೇ ಅವಳಿಗೂ ಕೊಟ್ಟೆ. ಬಾಯಲ್ಲಿ ಹೇಳಿದರೆ ಸಾಕು, ಅದೇ ಬರೆದುಕೊಂಡು ಉತ್ತರ ಕೊಡುತ್ತದೆ. ಮೊದಮೊದಲು ಅಳತೆ, ಬಟ್ಟೆಯ ಲೆಕ್ಕ ಕೇಳಿದಳು. ಆಮೇಲೆ ಉಪ್ಪಿನಕಾಯಿಗೆ ಬೂಸರು ಯಾಕೆ ಬರುತ್ತದೆ ಎಂದು ಕೇಳಿದಳು. ಆಮೇಲಾಮೇಲೆ ಏನು ಕೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಮಾಮಾ, ಅಂದರೆ ಅಕ್ಕನ ಗಂಡ, ಬೆಳಗಾದರೆ ಬೀಡಿ ಎಂಬ ಊರಿನ ಹೊಲಕ್ಕೆ ಹೊರಡುತ್ತಾರೆ, ಸಂಜೆ ಊಟದ ಹೊತ್ತಿಗೆ ಬರುತ್ತಾರೆ. ನಡುವಿನ ಹೊತ್ತಿನಲ್ಲಿ ಮನೆಯಲ್ಲಿ ಅಕ್ಕ, ಹೊಲಿಗೆ ಯಂತ್ರ, ಈ ಫೋನು.

“ಅದಕ್ಕ ಸಿಟ್ಟು ಬರತೈತೇನ?” ಎಂದು ಅಕ್ಕ ಕೇಳಿದಳು.

“ಸಿಟ್ಟು ಯಾಕ ಬರತೈತಿ ಅಕ್ಕಾ? ಯಂತ್ರ ಅದು. ತಡಿ, ನಂದರಾಗ ನೋಡತೀನಿ.”

ಎಡಗೈಯಲ್ಲಿ ಕಂಪ್ಯೂಟರಿನ ಮೇಲೆ ಎರಡು ಶಬ್ದ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ನನ್ನ ಫೋನಿನಲ್ಲೂ ನೋಡಿದೆ, ಆಫೀಸಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲೂ ನೋಡಿದೆ. ಎಲ್ಲದರಲ್ಲೂ ಚೆನ್ನಾಗಿಯೇ ಇತ್ತು.

“ಇಲ್ಲಿ ನಡದೈತಿ. ನಿನ್ನ ಫೋನಿಂದಽ ಏನೋ ಆಗೇತಿ. ಒಮ್ಮೆ ಪೂರಾ ಬಂದ್ ಮಾಡಿ ಚಾಲೂ ಮಾಡ.”

 

“ಅಂದ್ರ ಎಲ್ಲಾರಿಗೂ ಬಂದ್ ಆಗಿಲ್ಲ,” ಎಂದಳು. “ನನಗಷ್ಟಽ.”

“ಹೌದು. ಅದಕ್ಯಾಕ ಹಂಗ ಅಂತಿ?”

“ಏನಿಲ್ಲ. ಒಂದ ಮಾತ ಕೇಳಿದ್ದೆ. ಅದನ್ನ ಕೇಳಿದ ಮ್ಯಾಲಽ ಸುಮ್ಮನಾತು.”

“ಏನ ಕೇಳಿದ್ದಿ?”

“ಏನಿಲ್ಲ ಬಿಡ. ನೀ ಉಣ್ಣ.” ಫೋನು ಇಟ್ಟುಬಿಟ್ಟಳು.

ಡಬ್ಬಿ ಮುಚ್ಚಿಟ್ಟೆ. ಎದುರಿನ ಮೇಜಿನ ಸಹೋದ್ಯೋಗಿ ನಮ್ಮ ಮಾತು ಕೇಳಿಸಿಕೊಂಡಿದ್ದ. ಅವನು ಡಿಸ್‌ಪ್ಯಾಚ್ ನೋಡಿಕೊಳ್ಳುವವನು. ಯಾವುದಕ್ಕೂ ಅವನ ಹತ್ತಿರ ಒಂದು ಉತ್ತರ ಇದ್ದೇ ಇರುತ್ತದೆ.

“ಮೇಡಂ, ಅದು ಎಲ್ಲಾ ಕಡೆ ಬಂದ್ ಐತ್ರಿ. ನಮ್ಮ ಗ್ರೂಪಿನ್ಯಾಗ ಮೆಸೇಜ್ ಬಂದೈತಿ.”

“ನನ್ನ ಮುಂದಽ ನಡದೈತಲ್ರಿ,” ಎಂದು ಪರದೆ ತೋರಿಸಿದೆ.

ಅವನು ಬಗ್ಗಿ ನೋಡಿ, ಮೆಸೇಜನ್ನು ಮತ್ತೊಮ್ಮೆ ಓದಿ, “ಹೋದ ತಿಂಗಳದ್ದಿರಬೇಕ್ರಿ ಇದು,” ಎಂದು ತನ್ನ ಕೆಲಸಕ್ಕೆ ತಿರುಗಿದ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು. ಅಂದು ನನಗೆ ಅವನ ಮೆಸೇಜು ನಿಜವಾಗಿರಬಾರದಿತ್ತೇ ಅನ್ನಿಸಿತು. ಊರಿಗೆಲ್ಲ ಕೆಟ್ಟಿದ್ದರೆ ಅಕ್ಕನಿಗೆ ಒಂದು ಸಮಾಧಾನದ ಮಾತು ಹೇಳಬಹುದಿತ್ತು. ನಿನಗೆ ಮಾತ್ರ ಕೆಟ್ಟಿದೆ ಎಂದು ನಾನೇ ನನ್ನ ಬಾಯಾರೆ ಹೇಳಿಬಿಟ್ಟಿದ್ದೆ.

ಸ್ವಲ್ಪ ಹೊತ್ತು ಬಿಟ್ಟು ಅಕ್ಕನಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಬಂದ್ ಮಾಡಿ ಚಾಲೂ ಮಾಡುತ್ತಿರಬೇಕು ಎಂದುಕೊಂಡೆ. ಮತ್ತೆ ಮಾಡಿದಾಗ ವ್ಯಾಪ್ತಿಯ ಹೊರಗಿದ್ದಾರೆ ಎಂಬ ಹೆಂಗಸಿನ ದನಿ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಮತ್ತೆ, ಮತ್ತೆ ಅದೇ. ಒಂದು ಮೇಲ್ ಬರೆಯಲು ಕುಳಿತೆ. ಗಿರಾಕಿಯ ಊರಿನ ಹೆಸರನ್ನೇ ತಪ್ಪು ಬರೆದೆ. ಅಳಿಸಿ ಮಾಮಾನಿಗೆ ಫೋನು ಮಾಡಿದೆ.

ಅವರು ಬೇಗ ಎತ್ತಲಿಲ್ಲ. ಎತ್ತಿದಾಗ ಹಿಂದೆ ಟ್ರ್ಯಾಕ್ಟರಿನ ಸದ್ದು. ಕಬ್ಬು ಕಡಿಯುವವರು ಬಂದಿದ್ದರು.

“ಮಾಮಾ, ಅಕ್ಕನ ಫೋನ್ ಹತ್ತವಲ್ದ್ರಿ. ಆರಾಮ ಅದಾಳಲ್ರಿ?”

“ಮುಂಜಾನಿ ಆರಾಮ ಇದ್ಲಲ್ಲ. ಯಾಕವಾ, ಏನಾತು?”

“ಏನಿಲ್ರಿ. ದನಿ ಒಂಥರಾ ಕೇಳಿಸ್ತು.”

ಟ್ರ್ಯಾಕ್ಟರಿನಿಂದ ದೂರ ಸರಿದಿರಬೇಕು, ಸದ್ದು ಕಡಿಮೆಯಾಯಿತು. “ಈಗೀಗ ನಿದ್ದಿ ಬರೋಬರಿ ಮಾಡವಲ್ಲಳು,” ಎಂದರು. “ಕೇಳಿದ್ರ ಏನಿಲ್ಲ ಅಂತಾಳ. ನಾ ಈಗ ಗಾಡಿ ತುಂಬಸೂದು ಬಿಟ್ಟು ಬರಾಕ ಆಗೂದಿಲ್ಲ. ನೀ ಒಂದೀಟು ಹೋಗಿ ನೋಡ್ತೀಯೇನವಾ?”

ಅಷ್ಟು ಸಾಕಾಯಿತು. ಅರ್ಧ ದಿನದ ರಜೆ ಕೇಳಿ ಹೊರಬಿದ್ದೆ. ನಮ್ಮ ಕಾರ್ಖಾನೆಯ ಎದುರಿನ ರಸ್ತೆಯೇ ಖಾನಾಪುರಕ್ಕೆ ಹೋಗುವುದು. ಬಸ್ಸು ಬಂತು, ಕಿಟಕಿ ಬಳಿ ಜಾಗವೂ ಸಿಕ್ಕಿತು. ಆದರೆ ಪೀರನವಾಡಿ ದಾಟುವಷ್ಟರಲ್ಲಿ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಎರಡೆರಡು ಟ್ರೇಲರ್ ಕಟ್ಟಿಕೊಂಡು ತೂಗಾಡುತ್ತ ಹೊರಟಿದ್ದವು. ನಮ್ಮ ಡ್ರೈವರ್ ಹಾರ್ನ್ ಮಾಡಿ ಮಾಡಿ ಕೊನೆಗೆ ಬಿಟ್ಟುಬಿಟ್ಟ. ನನಗೆ ಇಳಿದು ಓಡಬೇಕು ಅನ್ನಿಸುತ್ತಿತ್ತು.

ಅಕ್ಕ ಏನು ಕೇಳಿರಬಹುದು? ಮಾಮಾನ ಮೇಲೆ ಅನುಮಾನವೇ? ಯಾರಾದರೂ ಮೋಸಗಾರರು ಫೋನಿನಲ್ಲಿ ಹೆದರಿಸಿದ್ದಾರೆಯೇ? ಅಥವಾ, ಪತ್ರಿಕೆಯಲ್ಲಿ ಓದುತ್ತೇವಲ್ಲ, ಬದುಕು ಬೇಡವಾದವರು ಯಂತ್ರದ ಜೊತೆ ಏನೇನೋ ಮಾತಾಡುತ್ತಾರಂತೆ.  ಬುದ್ಧಿ ಕೆಟ್ಟವಳ ಹಾಗೆ ನನ್ನ ಫೋನು ತೆಗೆದು ಆ ಎಐಯನ್ನೇ ಕೇಳಿದೆ: ನನ್ನ ಅಕ್ಕ ನಿನ್ನ ಹತ್ತಿರ ಏನು ಕೇಳಿದಳು? ಬೇರೆಯವರ ಮಾತುಕತೆ ತನಗೆ ಕಾಣುವುದಿಲ್ಲ, ನಿಮಗೆ ಆತಂಕವಿದ್ದರೆ ನೇರವಾಗಿ ಅವರನ್ನೇ ಕೇಳಿ ಎಂದು ವಿನಯದಿಂದ ಬರೆಯಿತು. ಅದು ಸರಿಯೇ. ಆದರೂ ಸಿಟ್ಟು ಬಂದು ಫೋನನ್ನು ಬ್ಯಾಗಿಗೆ ತುರುಕಿದೆ. ಪಕ್ಕದಲ್ಲಿದ್ದ ಮುದುಕಿ ಮರಾಠಿಯಲ್ಲಿ ಮೈ ಹುಷಾರಿಲ್ಲವೇ ಎಂದು ಕೇಳಿದಳು. ತಲೆ ಅಲ್ಲಾಡಿಸಿದೆ, ಹೌದೆಂದೋ ಇಲ್ಲವೆಂದೋ ಅವಳಿಗೂ ತಿಳಿದಿರಲಾರದು.

ಖಾನಾಪುರದಲ್ಲಿ ಇಳಿದು ಅಕ್ಕನ ಮನೆ ಮುಟ್ಟುವವರೆಗೂ ಓಡುನಡಿಗೆ. ಬಾಗಿಲು ಒಳಗಿನಿಂದ ಹಾಕಿತ್ತು. ಹೊಲಿಗೆ ಯಂತ್ರದ ಸದ್ದಿಲ್ಲ. ಬಡಿದೆ. ಮತ್ತೆ ಬಡಿದೆ. “ಅಕ್ಕಾ!” ಎಂದು ಕೂಗಿದ ನನ್ನ ದನಿಗೆ ಎದುರುಮನೆಯವರು ಹೊರಗೆ ಬಂದರು.

ಬಾಗಿಲು ತೆರೆಯಿತು. ಅಕ್ಕ ಕೈಯಲ್ಲಿ ಒಂದು ಸೂಜಿ ಹಿಡಿದು ನಿಂತಿದ್ದಳು, ಕಣ್ಣಿಗೆ ಕನ್ನಡಕ.

“ಯಾಕ ಹಿಂಗ ಬಡ್ಯಾಕತ್ತಿ? ಯಾರಿಗೇನಾತು?”

ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

ಒಳಗೆ ಟೇಬಲ್ಲಿನ ಮೇಲೆ ಅವಳ ಫೋನು ಬಿದ್ದಿತ್ತು, ಪಕ್ಕದಲ್ಲಿ ಸಿಮ್ ಕಾರ್ಡು. ನಾನು ಬಂದ್ ಮಾಡಿ ಚಾಲೂ ಮಾಡು ಅಂದದ್ದಕ್ಕೆ ಅವಳು ಅಷ್ಟಕ್ಕೇ ನಿಲ್ಲದೆ ಸಿಮ್ಮನ್ನೂ ತೆಗೆದು ಒರೆಸಿ ಹಾಕಿದ್ದಳು. ಅದು ಸರಿಯಾಗಿ ಕೂರಲಿಲ್ಲ. ಸೂಜಿಯಿಂದ ಮತ್ತೆ ತೆಗೆದು ಮತ್ತೆ ಹಾಕುತ್ತಿದ್ದಳು. ಹತ್ತದ ಫೋನಿನ ಕಥೆ ಇಷ್ಟೇ.

ಸಿಮ್ ಕೂರಿಸಿ ಮೊದಲು ಮಾಮಾನಿಗೆ ಅವಳ ದನಿ ಕೇಳಿಸಿದೆ. ಆಮೇಲೆ ಎಐ ತೆರೆದೆ. ಅಕ್ಕ ಹೇಳಿದ ಹಾಗೆಯೇ ಚಕ್ರ ತಿರುಗಿತು, ಇಂಗ್ಲಿಷ್ ಸಾಲೊಂದು ಬಂದು ಹೋಯಿತು. ಬೇರೆ ವಿಡಿಯೋ ಹಚ್ಚಿ ನೋಡಿದೆ, ಓಡಿತು; ಅಂದರೆ ನೆಟ್ ಇದೆ. ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟು ನೋಡಿದೆ, ಆಗಲಿಲ್ಲ. ಅಂದರೆ ಅವಳ ಸಿಮ್ಮಿನ ತಪ್ಪಲ್ಲ. ಪಕ್ಕದಲ್ಲೇ ನನ್ನ ಫೋನಿನಲ್ಲಿ ಅದು ಸರಾಗವಾಗಿ ಉತ್ತರಿಸುತ್ತಿತ್ತು. ಉಳಿದದ್ದು ಅವಳ ಫೋನಿನೊಳಗಿನ ಆ್ಯಪ್ ಒಂದೇ. ಮತ್ತೆ ತೆರೆದು, ಆ ಇಂಗ್ಲಿಷ್ ಸಾಲು ಮಾಯವಾಗುವ ಮೊದಲೇ ಓದಿದೆ. ಇದು ಹಳೆಯದಾಗಿದೆ, ಹೊಸದನ್ನು ಹಾಕಿಕೊಳ್ಳಿ ಎಂದಿತ್ತು. ಹಾಕಲು ಹೋದರೆ ಜಾಗವಿಲ್ಲ ಎಂದಿತು. ಫೋನಿನ ತುಂಬ ಬ್ಲೌಸಿನ ಬೆನ್ನುಗಳ ಫೋಟೋ, ಸಂಬಂಧಿಕರು ದಿನಾ ಕಳಿಸುವ ಶುಭೋದಯದ ಹೂವುಗಳು.

“ಇಷ್ಟಽ ನೋಡ ಅಕ್ಕಾ. ಫೋನ್ ತುಂಬೇತಿ. ಹಳೇ ಫೋಟೋ ತಗದ ಹೊಸಾದ ಹಾಕಿದ್ರ ಆತು.”

“ಅಂದ್ರ ನಾ ಕೇಳಿದ್ದಕ್ಕ ಅಲ್ಲ?”

“ಅಲ್ಲಽ ಅಲ್ಲ. ನೀ ಏನ ಕೇಳಿದ್ರೂ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

 ಅಕ್ಕ ಹೋಗಿ ಬಾಗಿಲ ಅಗಳಿ ಹಾಕಿ ಬಂದಳು. ನನ್ನ ಕೈ ಹಿಡಿದು, ಸೆರಗಿನೊಳಗೆ, ಎಡಗಡೆ ಬಗಲಿನ ಹತ್ತಿರ ಎದೆಯ ಬದಿಗೆ ಒತ್ತಿಕೊಂಡಳು.

“ಇಲ್ಲಿ ನೋಡ.”

ಬೆರಳಿಗೆ ಒಂದು ಗಂಟು ಸಿಕ್ಕಿತು. ಸಣ್ಣದು, ಕಡಲೆಗಿಂತ ದೊಡ್ಡದು, ಒತ್ತಿದರೆ ಜಾರಿತು. ಕೈ ಹಿಂದಕ್ಕೆ ತೆಗೆದುಕೊಳ್ಳಬೇಕೋ ಅಲ್ಲೇ ಇಡಬೇಕೋ ತಿಳಿಯದೆ ಹಾಗೆಯೇ ನಿಂತೆ. ಅವಳ ಎದೆ ಡವಗುಟ್ಟುವುದು ಅಂಗೈಗೆ ಬಡಿಯುತ್ತಿತ್ತು.

“ಇದನ್ನ ಕೇಳಿದ್ದೆ,” ಎಂದಳು. “ಡಾಕ್ಟರಿಗೆ ತೋರಸ್ರಿ ಅಂತು. ಮತ್ತ ಕೇಳಿದೆ. ಮತ್ತ ಅದನ್ನಽ ಅಂತು. ನಿನ್ನಿ ಸಂಜಿಕ, ಖರೇ ಹೇಳ, ನಮ್ಮ ಮಾವಶಿಗೆ ಆದಂಗ ನನಗೂ ಆಗೇತೇನು ಅಂತ ಕೇಳಿದೆ. ಆಗ ಸುಮ್ಮನಾತು. ನನಗ ಅನಸ್ತು, ಹೇಳಾಕ ಆಗಲಾರದ್ದಕ್ಕಽ ಸುಮ್ಮನಾಗೇತಿ ಅಂತ.”

ಮಾವಶಿ ನಮ್ಮ ಅವ್ವನ ತಂಗಿ. ಅವಳು ಹೋದಾಗ ನಾವಿಬ್ಬರೂ ಸಾಲೆಗೆ ಹೋಗುವ ಹುಡುಗಿಯರು. ಮನೆಯಲ್ಲಿ ಆ ರೋಗದ ಹೆಸರನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ಹೆಸರಿಲ್ಲದ ಆ ಹೆದರಿಕೆಯನ್ನು ಅಕ್ಕ ಒಂದು ರಾತ್ರಿ, ಒಂದು ಹಗಲು ಒಬ್ಬಳೇ ಹೊತ್ತಿದ್ದಳು. ನಾನೋ ಮಧ್ಯಾಹ್ನ ನಗುತ್ತ, ಎಲ್ಲರಿಗೂ ಸರಿಯಾಗಿದೆ, ನಿನಗೆ ಮಾತ್ರ ಹೀಗೆ ಎಂದಿದ್ದೆ.

“ನನಗ ಯಾಕ ಹೇಳಲಿಲ್ಲ ಅಕ್ಕಾ?”

“ಹೇಳಿದ್ರ ನಿನ್ನ ಮಾರಿ ನೋಡಬೇಕಾಗತೈತಿ. ಈಗ ನೋಡಾಕತ್ತೀನಲ್ಲ, ಇದನ್ನ. ಆ ಫೋನಿಗೆ ಮಾರಿ ಇಲ್ಲ.”

ಫೋಟೋಗಳನ್ನು ಅಳಿಸಿದೆ. ಯಾವ ಬ್ಲೌಸು ಬೇಕು, ಯಾವುದು ಬೇಡ ಎಂದು ಅವಳು ಒಂದೊಂದಕ್ಕೂ ನಿಂತು ಹೇಳುತ್ತಿದ್ದಳು. ಆ ಹೊತ್ತಿನಲ್ಲೂ ಒಂದು ನವಿಲುಬಣ್ಣದ ಬ್ಲೌಸನ್ನು ಬಿಟ್ಟುಕೊಡಲಿಲ್ಲ. ಹೊಸ ಆ್ಯಪ್ ಇಳಿಯಿತು. ತೆರೆದ ಕೂಡಲೇ ಅಕ್ಕ ನನ್ನ ಕೈಯಿಂದ ಫೋನು ಕಸಿದುಕೊಂಡು ಅದೇ ಪ್ರಶ್ನೆಯನ್ನು ಕೇಳಿದಳು, ಈ ಸಲ ನನ್ನೆದುರಿಗೇ, ಗಟ್ಟಿಯಾಗಿ.

ಉತ್ತರ ಬಂತು. ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಮಾತಿನಿಂದ ಅದನ್ನು ಹೇಳಲಾಗುವುದಿಲ್ಲ. ಮನೆತನದಲ್ಲಿ ಹಿಂದೆ ಇದ್ದುದರಿಂದ ತಡಮಾಡದೆ ವೈದ್ಯರಿಗೆ ತೋರಿಸಿ. ಅಕ್ಕ ಎರಡು ಸಲ ಓದಿಸಿಕೊಂಡಳು.

“ಮತ್ತ ಅದನ್ನಽ ಹೇಳ್ತೈತಲ್ಲ ಇದು!” ಎಂದು ಫೋನನ್ನು ಮಗುಚಿ ಇಟ್ಟಳು. ಆಮೇಲೆ ಅತ್ತಳು.

ಮಾಮಾ ಹೊತ್ತು ಮುಳುಗುವ ಮೊದಲೇ ಬಂದರು. ನಾವು ಜೈನರು, ನಮ್ಮಲ್ಲಿ ಸಂಜೆಯ ಊಟ ಬೆಳಕಿರುವಾಗಲೇ ಮುಗಿಯಬೇಕು. ಕಾಲು ತೊಳೆದು ಒಳಗೆ ಬಂದವರಿಗೆ ನಮ್ಮ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿಯಿತು. ಅಕ್ಕ ಹೇಳಲಾರದೆ ನನ್ನ ಕಡೆ ನೋಡಿದಳು. ನಾನು ಹೇಳಿದೆ. ಅವರು ಗೋಡೆಗೆ ಒರಗಿ ಕುಳಿತು, ಅಂಗಿಗೆ ಮೆತ್ತಿದ್ದ ಕಬ್ಬಿನೆಲೆಯ ಸಣ್ಣ ಮುಳ್ಳುಗಳನ್ನು ಒಂದೊಂದಾಗಿ ಕೀಳತೊಡಗಿದರು.

“ನಾಳಿಗೆ ಹೋಗೂಣು,” ಎಂದರು ಕೊನೆಗೆ.

“ಗಾಡಿ ತುಂಬಸೂದು?” ಎಂದಳು ಅಕ್ಕ.

“ಕಬ್ಬು ಒಣಗಿದ್ರ ಒಣಗಲಿ.”

ಹೊರಗೆ ಕತ್ತಲಾಗಿತ್ತು. ಮಾಡಿಟ್ಟ ಅಡುಗೆ ಮುಚ್ಚಿದಲ್ಲೇ ಇತ್ತು. ಮೂವರೂ ಉಣ್ಣಲಿಲ್ಲ.

ಬೆಳಗಾವಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು, ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬರುವವರೆಗೆ ಅಕ್ಕ ಅದೇ ಊರಿನ ಅನಗೋಳದ ನನ್ನ ಮನೆಯಲ್ಲೇ ಉಳಿದಳು. ಅವು ಕೆಟ್ಟ ದಿನಗಳು. ಅವಳು ಸುಮ್ಮನೆ ಕೂರಲಾರದೆ ನನ್ನ ಹಳೆಯ ದಿಂಬಿನ ಕವರುಗಳನ್ನೆಲ್ಲ ಕೈಯಲ್ಲೇ ಹೊಲಿದಳು. ಗಲ್ಲಿಯಲ್ಲಿ ಯಾರದೋ ಮನೆಯ ಕುಕ್ಕರ್ ಕೂಗಿದರೂ ನಾನು ಬೆಚ್ಚುತ್ತಿದ್ದೆ. ಆಫೀಸಿಗೆ ಹೋದರೆ ಮನೆಯ ಚಿಂತೆ, ಮನೆಗೆ ಬಂದರೆ ಅವಳ ಮುಖ ನೋಡದಿರಲು ಏನಾದರೊಂದು ಕೆಲಸ. ಮಾಮಾ ಬೀಡಿಯಿಂದ ಹೊತ್ತುಹೊತ್ತಿಗೆ ಫೋನು ಮಾಡಿ, ಕಬ್ಬಿನ ಸುದ್ದಿ ಹೇಳಿ, ಕೊನೆಗೆ “ಮತ್ತೇನು?” ಎಂದು ಕೇಳುತ್ತಿದ್ದರು.

ರಿಪೋರ್ಟು ಬೆಳಗ್ಗೆ ನನ್ನ ಫೋನಿಗೆ ಬಂತು. ಇಂಗ್ಲಿಷಿನ ಒಂದು ಹಾಳೆ. ನಾನು ದಿನವಿಡೀ ಇಂಗ್ಲಿಷ್ ಬರೆಯುವವಳು. ಆದರೆ ಅದರಲ್ಲಿದ್ದ ಉದ್ದುದ್ದ ಶಬ್ದಗಳು ಒಂದೂ ಅರ್ಥವಾಗಲಿಲ್ಲ. ಒಂದು ಕಡೆ ಇಲ್ಲ ಎಂಬ ಅರ್ಥದ ಶಬ್ದ ಕಂಡಿತು. ಯಾವುದು ಇಲ್ಲ? ಡಾಕ್ಟರು ಸಿಗುವುದು ಮಧ್ಯಾಹ್ನ. ಅಷ್ಟು ಹೊತ್ತು ತಡೆಯುವುದು ಹೇಗೆ? ಎಐ ತೆರೆದು ಹಾಳೆಯ ಫೋಟೋ ಹಾಕಿದೆ.

ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

 ಅಕ್ಕ ಅಂದು ಪಟ್ಟ ಹೆದರಿಕೆ ಎಂಥದೆಂದು ನನಗೆ ಆಗ ಪೂರ್ತಿ ತಿಳಿಯಿತು. ಬುದ್ಧಿ ಅಲ್ಲವೆನ್ನುತ್ತಿದ್ದರೂ ಮನಸ್ಸು, ಹಾಳೆ ಓದಿಯೇ ಅದು ನಿಂತಿತು ಎನ್ನುತ್ತಿತ್ತು. ಆದರೂ ಒಂದೊಂದಾಗಿ ನೋಡಿದೆ. ಸುದ್ದಿಯ ಪುಟ ತೆರೆಯಿತು, ಅಂದರೆ ನೆಟ್ ಇದೆ. ಆ್ಯಪ್ ಬಿಟ್ಟು ಬ್ರೌಸರಿನಲ್ಲಿ ನೋಡಿದೆ, ಇಲ್ಲ. ಹಾಳೆಯ ಫೋಟೋ ಬಿಟ್ಟು, ಬರೀ ನಮಸ್ಕಾರ ಎಂದು ಕಳಿಸಿದೆ, ಇಲ್ಲ. ಅಕ್ಕನ ಫೋನಿನಲ್ಲೂ ಇಲ್ಲ. ಆಫೀಸಿನ ಸಹೋದ್ಯೋಗಿಗೆ ಫೋನು ಮಾಡಿ ಅವನ ಕಂಪ್ಯೂಟರಿನಲ್ಲಿ ನೋಡಲು ಹೇಳಿದೆ.

“ಇಲ್ಲೂ ಇಲ್ರಿ ಮೇಡಂ. ಈ ಸಲ ಖರೇನಽ ಬಂದ್ ಐತಿ,” ಎಂದ. ಅದನ್ನು ನಡೆಸುವವರೇ ತಮ್ಮ ಪುಟದಲ್ಲಿ ತೊಂದರೆಯಾಗಿದೆ, ಸರಿಪಡಿಸುತ್ತಿದ್ದೇವೆ ಎಂದು ಹಾಕಿದ್ದರು.

ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

“ಎಲ್ಲಾರಿಗೂ ಬಂದ್ ಆಗೇತೇನು?”

“ಹೂಂ. ಎಲ್ಲಾರಿಗೂ.”

“ಹಂಗಾರ ನಡಿ, ದವಾಖಾನಿಗೆ ಹೋಗಿ ಕುಂದರೂಣು. ಇಲ್ಲಿ ಕುಂತು ಇದನ್ನ ಮಿಕಿಮಿಕಿ ನೋಡೂದಕ್ಕಿಂತ ಅದಽ ಚಲೋ.” ಅವಳಾಗಲೇ ಸೀರೆ ಬದಲಿಸಿದ್ದಳು.

ಆಸ್ಪತ್ರೆಯ ಬೆಂಚಿನ ಮೇಲೆ ಮಾಮಾನೂ ಬಂದು ಸೇರಿಕೊಂಡರು. ಡಾಕ್ಟರು, ನಮ್ಮ ವಯಸ್ಸಿನ ಹೆಂಗಸು, ಹಾಳೆಯ ಮೇಲೆ ಕಣ್ಣಾಡಿಸಿ ತಲೆ ಎತ್ತಿದರು.

“ಘಾಬರಿ ಆಗಬ್ಯಾಡ್ರಿ. ಕ್ಯಾನ್ಸರ್ ಅಲ್ರಿ ಇದು. ಬರೇ ಗಂಟು. ಆದ್ರ ಬೆಳ್ಯಾಕತ್ತೈತಿ, ತಗಸಿಬಿಡೂಣು.”

“ಖರೇನರಿ?” ಎಂದಳು ಅಕ್ಕ.

“ಖರೇನ್ರಿ.”

“ನಮ್ಮ ಮಾವಶಿಗೆ ಇತ್ರಿ.”

“ಅದಕ್ಕಽ ವರ್ಷಾ ವರ್ಷಾ ತೋರಿಸ್ಕೋತ ಇರಬೇಕ್ರಿ. ಆದ್ರ ಇದು ಅದಲ್ಲ.”

“ಖರೇನಽ ಅಲ್ಲೇನ್ರಿ ಮೇಡಂ?”

ಡಾಕ್ಟರು ಬೇಸರಿಸಿಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು, ಮತ್ತೊಮ್ಮೆ ಮೊದಲಿನಿಂದ ಹೇಳಿದರು. ಮಾಮಾ ಹೊರಗೆ ಹೋಗಿ ಮೆಟ್ಟಿಲುಗಳ ಕೆಳಗೆ ಗೋಡೆಗೆ ಮುಖ ಮಾಡಿ ನಿಂತರು. ನಾವು ಅವರನ್ನು ಕರೆಯಲು ಹೋಗಲಿಲ್ಲ.

ಗಂಟು ತೆಗೆಸಿದ್ದಾಯಿತು. ಗಾಯ ಮಾಯ್ದು ಅಕ್ಕ ಮತ್ತೆ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾಳೆ. ಆದರೆ ನನ್ನೊಳಗಿನ ಅಂಜಿಕೆ ಹಾಗೆ ಒಂದೇ ಸಲಕ್ಕೆ ಇಳಿಯಲಿಲ್ಲ. ಅವಳ ಫೋನು ಹತ್ತದಿದ್ದರೆ ಈಗಲೂ ಕೈಯಲ್ಲಿನ ಕೆಲಸ ನಿಲ್ಲುತ್ತದೆ. ಒಮ್ಮೆ ಅವಳು ಖಾನಾಪುರದಿಂದ ಫೋನು ಮಾಡಿ, ಪೀಠಿಕೆಯಿಲ್ಲದೆ ಕೇಳಿದಳು:

“ಮಾವಶಿ ನನಗಷ್ಟಽ ಮಾವಶಿ ಆಗಿದ್ಲೇನು? ನೀ ಯಾವಾಗ ತೋರಿಸ್ಕೊಳ್ಳಾಕಿ?”

ನನಗೆ ಅದು ಹೊಳೆದೇ ಇರಲಿಲ್ಲ. ಆಫೀಸು, ರಜೆ, ಮುಂದಿನ ವಾರ ಎಂದು ಏನೇನೋ ಹೇಳಿದೆ. ಅವಳು ಕೇಳಲಿಲ್ಲ. ಮರುದಿನ ಬೆಳಗಿನ ಬಸ್ಸಿಗೇ ಬಂದಿಳಿದಳು. ಅದೇ ಆಸ್ಪತ್ರೆ, ಉದ್ದನೆಯ ಬೆಂಚು, ಸಾಬೂನಿನ ವಾಸನೆ.  ಅಕ್ಕ ನನ್ನ ಬ್ಯಾಗನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು. ಒಳಗಿನಿಂದ ನನ್ನ ಹೆಸರು ಕರೆದಾಗ ಅವಳೇ ಮೊದಲು ಎದ್ದಳು.